ಮೇಲಿನ ಮಾತೇ ಮತ್ತೆ

ಎಲ್ಲರ ಮನೆಯಂತೆ ನಮ್ಮ ಮನೆಯ ಗೋಡೆಯೂ ಆಡಿದ ಮಾತನ್ನೆಲ್ಲ ದಾಖಲಿಸಿಕೊಳ್ಳುತ್ತದೆ. ಜಾಗ ತುಂಬಿದರೆ ಮೊದಲ ಸಾಲಿನಿಂದಲೇ ಅಳಿಸತೊಡಗುತ್ತದೆ. ಗೋಡೆ ಹಾಕಿಸಿದ ಬೆಳಿಗ್ಗೆ ನನ್ನ ಗಂಡ ಸುಧೀಂದ್ರ ಹೊರಡುವಾಗ ಹೇಳಿದ್ದೇ ಮೊದಲ ಸಾಲು: "ಮೊಸರು ತರ್ತೀನಿ, ಬಾಗಿಲು ಹಾಕ್ಕೋ." ಅವನು ದಾರಿಯಲ್ಲೇ ತೀರಿಕೊಂಡ. ಆ ಸಾಲು ಉಳಿಯಲೆಂದು ನಾನು ಮಾತು ಕಡಿಮೆ ಮಾಡಿದೆ. ಅತ್ತೆಯ ಬಾಯಿ ಮಾತ್ರ ನಿಲ್ಲಲಿಲ್ಲ.

ಇವತ್ತು ಹೆದರುತ್ತಲೇ ಗೋಡೆಯ ಲಾಗ್ ತೆರೆದೆ. ಮುಕ್ಕಾಲು ಭಾಗ ಖಾಲಿ! ಒಂದೇ ಮಾತು ಎಷ್ಟು ಸಲ ಬಂದರೂ ಗೋಡೆಗೆ ಅದು ಒಂದೇ ಸಾಲು.

"ಅತ್ತೆ: ಸಾರಿಗೆ ಉಪ್ಪು ಸಾಲ್ದು. ಮೇಲಿನ ಮಾತೇ ಮತ್ತೆ, ಇನ್ನೂರು ಸಲ."

"ಅತ್ತೆ, ನೀವು ಹೊಸದೇನೂ ಆಡೇ ಇಲ್ಲ!" ಎಂದು ನಕ್ಕುಬಿಟ್ಟೆ.

"ನೀನು ತಿದ್ದಿಕೊಂಡಿದ್ರೆ ತಾನೇ ನಾನು ಹೊಸದು ಆಡೋದು?"

ಮಧ್ಯಾಹ್ನದ ಸಾರಿಗೆ ಬೇಕೆಂದೇ ಉಪ್ಪು ಕಡಿಮೆ ಹಾಕಿದೆ.