ಗುಬ್ಬಿಯ ಸೀಟು

ಹಳೆಯ ಕಾರುಗಳ ಪ್ರದರ್ಶನದ ತೀರ್ಪುಗಾರರು ಟಾರ್ಚ್ ಹಿಡಿದು, ನೆಲಕ್ಕೆ ಕೆನ್ನೆ ತಾಗಿಸಿ ಕಾರಿನ ಅಡಿಯನ್ನು ನೋಡುತ್ತಿದ್ದರೆ ಅವಳ ಗಂಡ ಉಸಿರು ಬಿಗಿಹಿಡಿದು ನಿಂತಿದ್ದ. ಅವಳ ಹೆರಿಗೆಯ ದಿನ ಆಸ್ಪತ್ರೆಯಲ್ಲೂ ಈ ಮನುಷ್ಯ ಇಷ್ಟು ಬೆವರಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ಅವಳ ಅಪ್ಪನದು. ಅವಳು ಹುಟ್ಟಿದ ಮೇಲೆ ಮೂವರೂ ಕೂರಬೇಕಲ್ಲ ಎಂದು ಅಪ್ಪ ಸೀಟುಗಳ ಹಿಂದಿನ ಇಕ್ಕಟ್ಟಿನಲ್ಲಿ ಒಂದು ಹಲಗೆ ಕೂರಿಸಿ, ಅದರ ಅಡಿಭಾಗದಲ್ಲಿ ‘ಗುಬ್ಬಿ’ ಎಂದು ಕೊರೆದಿದ್ದ. ಮನೆಯಲ್ಲಿ ಅವಳನ್ನು ಹಾಗೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಕಾರನ್ನು ಗಂಡನಿಗೆ ಒಪ್ಪಿಸುವಾಗ ಅವಳು ಕೇಳಿದ್ದು ಇಷ್ಟೇ: ಆ ಹಲಗೆಯೊಂದು ಇರಲಿ.

ಅದಕ್ಕೇನಂತೆ ಎಂದಿದ್ದ. ಆಮೇಲೆ ಹುಚ್ಚು ನೆತ್ತಿಗೇರಿತು. ಕಾರು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಇರಬೇಕಂತೆ. ಒಂದೊಂದು ಸ್ಕ್ರೂವನ್ನೂ ಸಮುದ್ರದಾಚೆಯಿಂದ ತರಿಸಿ, ಬಂದ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬರುತ್ತಿದ್ದ. ಹಲಗೆ ಎಲ್ಲಿ ಎಂದು ಕೇಳಿದ್ದಕ್ಕೆ, ಎಲ್ಲೋ ಇರಬೇಕು ಎಂದು ತಲೆಯೆತ್ತದೆ ಹೇಳಿದ.

ತೀರ್ಪುಗಾರರು ಎದ್ದು ಮೊಣಕಾಲು ಕೊಡವಿಕೊಂಡರು. “ಇದರಲ್ಲಿ ಯಾರಾದ್ರೂ ಕೂತಿದ್ರು ಅನ್ನೋದಕ್ಕೆ ಒಂದು ಗುರುತೂ ಇಲ್ಲ. ಭೇಷ್.”

ಗಂಡ ಉಬ್ಬಿಹೋದ. “ನಮ್ಮ ಮಾವ ಏನೇನೋ ಹೊಡೆದು ಕೆಡಿಸಿಟ್ಟಿದ್ರು ಸಾರ್. ಎಲ್ಲಾ ಕಿತ್ತು ಹಾಕ್ದೆ.”

ಪಕ್ಕದಲ್ಲೇ ನಿಂತಿದ್ದ ಅವಳಿಗೆ ಮೈ ಉರಿದುಹೋಯಿತು. ಸತ್ತವರ ಕಾರು ಬೇಕು, ಅವರ ಕೈಕೆಲಸ ಬೇಡ.

“ಅಡೀಲಿ ಒಂದು ಹಲಗೆ ಇದೆ, ಕೊಳಕಾಗಿದೆ. ಅದೊಂದು ತೆಗೆಸಿಬಿಡಿ,” ಎಂದು ತೀರ್ಪುಗಾರರು ಮುಂದಿನ ಕಾರಿನತ್ತ ನಡೆದರು.

ಅವಳು ಬಗ್ಗಿ ನೋಡಿದಳು. ಎಷ್ಟು ರಿಪೇರಿ ಮಾಡಿದರೂ ಆ ಎಂಜಿನ್ ಎಣ್ಣೆ ಸೋರುವುದನ್ನು ಬಿಟ್ಟಿರಲಿಲ್ಲ. ಪ್ರದರ್ಶನದವರು ಹಾಸಿದ ಬಿಳಿ ಕಾರ್ಪೆಟ್ ಹಾಳಾಗದಿರಲೆಂದು ಗಂಡ ಹಲಗೆಯೊಂದನ್ನು ಬೋರಲು ಹಾಕಿ ಎಂಜಿನ್ ಕೆಳಗೆ ತಳ್ಳಿದ್ದ. ‘ಗುಬ್ಬಿ’ಯ ಮೇಲೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

ಹಲಗೆಯನ್ನು ಎಳೆದುಕೊಂಡು, ಕರವಸ್ತ್ರದಿಂದ ಒರೆಸಿ, ಕಂಕುಳಲ್ಲಿ ಇರುಕಿಕೊಂಡಳು.

“ಏಯ್, ಅದನ್ಯಾಕೆ ತೆಗೆದೆ? ಎಲ್ಲಿಗೆ ಹೊರಟೆ?”

“ನನ್ನ ಸೀಟು ನಾನು ತಗೊಂಡು ಹೋಗ್ತಿದೀನಿ. ನಿಮ್ಮದರಲ್ಲಿ ನೀವು ಕೂತ್ಕೊಳ್ಳಿ.”

ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದಳು. ಗಂಡ ಬಿಳಿ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಕಾರಿನ ಕೆಳಗೆ ಬೊಗಸೆ ಒಡ್ಡಿಕೊಂಡು ಕೂತಿದ್ದ.