ಎರಡನೇ ವಿಳಾಸ

ಬಲಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿಯಾಗಿತ್ತು. ಶಾಲಿನಿ ಎಡಗಡೆಯ ಕೂದಲನ್ನು ಮೂರು ಎಳೆಯಾಗಿ ಬಿಡಿಸಿಕೊಳ್ಳುವಷ್ಟರಲ್ಲಿ ಮೇದಿನಿ, "ಒಂದು ಕೇಳ್ಲಾ?" ಎಂದಳು. "ಕೇಳು ಕೂಸೆ" ಎಂದು ಶಾಲಿನಿ ಹೇಳಿದಳೋ ಇಲ್ಲವೋ, ಫೋನ್ ಬಡಿದುಕೊಂಡಿತು. ಹುಡುಗಿಯ ನಾಲಿಗೆ ತುದಿಗೆ ಬಂದದ್ದು ಮತ್ತೆ ಒಳಗೆ ಹೋಯಿತು.

ಯೋಗೇಶನನ್ನು ಮದುವೆಯಾಗಿ ಶಾಲಿನಿ ಕೊಪ್ಪದ ಈ ಮನೆಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಅವನ ಮಗಳು ಇವಳ ಕೈತುತ್ತು ಉಣ್ಣುತ್ತಿದ್ದಳು, ಇವಳ ಮಗ್ಗುಲಲ್ಲೇ ಮಲಗುತ್ತಿದ್ದಳು. ಆದರೆ ಇವಳನ್ನು ಏನೆಂದೂ ಕರೆದಿರಲಿಲ್ಲ. ಅಮ್ಮ ಎಂದರೆ ಗೋಡೆಯ ಫೋಟೋದಲ್ಲಿದ್ದವಳು. ಆ ಫೋಟೋ ಇಳಿಸೋಣ ಎಂದು ನೆಂಟರೊಬ್ಬರು ಅಂದಾಗ ಶಾಲಿನಿಯೇ ಬೇಡವೆಂದಿದ್ದಳು. ಏನಾದರೂ ಬೇಕಾದಾಗ ಮೇದಿನಿ ಬಂದು ಇವಳ ವೇಲಿನ ತುದಿ ಜಗ್ಗುತ್ತಿದ್ದಳು, ಅಷ್ಟೇ. ಈಚೆಗೆ ಕೆಲವು ದಿನಗಳಿಂದ ಏನೋ ಕೇಳಲು ಬಂದು, ಕೇಳದೆ ತಿರುಗಿ ಹೋಗುತ್ತಿದ್ದಳು. ಪಾಕಕ್ಕೆ ಅವಸರ ಮಾಡಿದರೆ ಹದ ಕೆಡುತ್ತದೆಂದು ಶಾಲಿನಿ ಸುಮ್ಮನೆ ಕಾಯುತ್ತಿದ್ದಳು.

ಫೋನ್ ಮಾಡಿದವನು ನರಸಿಂಹರಾಜಪುರದ ಸ್ಕ್ಯಾನಿಂಗ್ ಸೆಂಟರಿನ ಇಸ್ರಾರ್. ಅಲ್ಲಿಯದು, ಕೊಪ್ಪದ್ದು, ಶೃಂಗೇರಿಯದು, ಮೂರೂ ಸೆಂಟರುಗಳ ಕಂಪ್ಯೂಟರ್ ಕೆಲಸ ಶಾಲಿನಿಯ ಉಸ್ತುವಾರಿಯಲ್ಲಿತ್ತು.

"ಅಕ್ಕ, ಒಂದು ಫೈಲೂ ಓಪನ್ ಆಗ್ತಾ ಇಲ್ಲ. ಕಡಹಿನಬೈಲಿನ ಸುಬ್ಬಪ್ಪ ಅಂತ, ಆಪರೇಷನ್‌ಗೆ ಶಿವಮೊಗ್ಗಕ್ಕೆ ಹೊರಟು ನಿಂತಿದ್ದಾರೆ. ಹಳೇ ಸ್ಕ್ಯಾನ್ ನೋಡ್ದೆ ಕೈ ಹಾಕಲ್ಲ ಅಂದಿದ್ದಾರಂತೆ ಅಲ್ಲಿ ಡಾಕ್ಟ್ರು. ಗಾಡಿ ಬಾಗಿಲಲ್ಲೇ ಇದೆ."

"ಎಂತ ತೋರಿಸ್ತದೆ?"

"ನೀ ಯಾರು ಅಂತ ಕೇಳ್ತದೆ. ಹೆಸರು ಹೊಡೆದ್ರೆ ಗೊತ್ತಿಲ್ಲ ಅಂತದೆ. ಓಟು ಗೆದ್ದ ಮೇಲೆ ಮೆಂಬರು ನಮ್ಮನ್ನ ನೋಡ್ತಾರಲ್ಲ, ಹಂಗೆ!"

ಶಾಲಿನಿಗೆ ಹಿಂದಿನ ಸಂಜೆಯ ಗುಡುಗು ನೆನಪಾಯಿತು. ಇಸ್ರಾರನನ್ನು ಲೈನಿನಲ್ಲೇ ಇಟ್ಟುಕೊಂಡು ಕೊಪ್ಪದ ಸೆಂಟರಿನ ಮಂಜಯ್ಯನನ್ನೂ ಮಾತಿಗೆ ಸೇರಿಸಿದಳು.

"ಮಂಜಯ್ಯ, ಒಳಗಿನ ಕೋಣೆ ಸರ್ವರ್ ಆನ್ ಇದೆಯಾ?"

"ಎಲ್ಲಾ ತೆಗ್ದಿದೀನಿ ಮೇಡಂ!" ಮಂಜಯ್ಯನ ದನಿಯಲ್ಲಿ ಹೆಮ್ಮೆ. "ಮಿಂಚಿದ್ದೇ ತಡ, ಟೀವಿ, ಫ್ರಿಜ್ಜು, ಆ ಕರಿ ಪೆಟ್ಟಿಗೆ, ಒಂದೂ ಬಿಟ್ಟಿಲ್ಲ. ವಯರ್ ಸಮೇತ ಕಿತ್ತು ಸುತ್ತಿಟ್ಟಿದೀನಿ."

"ಈಗ ಎಲ್ಲಿದ್ದೀರಿ?"

"ಕಿಗ್ಗದಲ್ಲಿ, ತಂಗಿ ಮನೇಲಿ. ಬೀಗದ ಕೈ ಸೊಂಟದಲ್ಲೇ ಜೋಪಾನವಾಗಿದೆ."

ಗುಡುಗಿದರೆ ಪ್ಲಗ್ ಕೀಳದವರು ಈ ಸೀಮೆಯಲ್ಲಿ ಯಾರಿದ್ದಾರೆ? ಶಾಲಿನಿ ಅವನನ್ನು ಗದರಲಿಲ್ಲ. ಕಿಗ್ಗದಿಂದ ಅವನು ಬರುವ ತನಕ ಸುಬ್ಬಪ್ಪನ ಗಾಡಿ ಕಾಯುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ಬಿಡಿಸಿದ ಮೂರೆಳೆಯನ್ನು ಮೇದಿನಿಯ ಕೈಗೆ ಕೊಟ್ಟು, "ಬಿಡ್ಬೇಡ, ಹಿಡ್ಕೊಂಡಿರು" ಎಂದು, ದೋಸೆ ಹಿಟ್ಟಿನ ಪಾತ್ರೆ ಆಚೆ ಸರಿಸಿ ಲ್ಯಾಪ್‌ಟಾಪ್ ತೆರೆದಳು.

"ಅಲ್ಲ ಅಕ್ಕ," ಇಸ್ರಾರ್ ಕೇಳಿದ, "ಫೈಲೆಲ್ಲ ಕ್ಲೌಡಲ್ಲಿದೆ ಅಂತ ನೀವೇ ಹೇಳಿದ್ದು. ಕೊಪ್ಪದಲ್ಲಿ ಪ್ಲಗ್ ಕಿತ್ರೆ ಅದಕ್ಕೆ ಎಂತ ಆಗ್ತದೆ?"

"ಫೈಲು ಅಲ್ಲೇ ಇದೆ. ಆದ್ರೆ ಯಾರು ನಮ್ಮವರು ಅಂತ ಅದಕ್ಕೆ ಗೊತ್ತಿಲ್ಲ ಮಾರಾಯ. ನಮ್ಮೆಲ್ಲರ ಹೆಸರಿರೋ ಡೈರೆಕ್ಟರಿ ಆ ಕರಿ ಪೆಟ್ಟಿಗೇಲಿದೆ. ಯಾರು ಹೋದ್ರೂ ಅದನ್ನೇ ಕೇಳ್ತದೆ, ಇವ ನಿಮ್ಮವನಾ ಅಂತ. ಅದು ಹೌದು ಅಂದ್ರೆ ಬಾಗಿಲು ತೆಗೀತದೆ. ಈಗ ಹೌದು ಅನ್ನಕ್ಕೆ ಯಾರೂ ಇಲ್ಲ."

"ಮತ್ತೆ?"

"ಮೊನ್ನೆ ನಿಮ್ಮಲ್ಲಿಗೆ ಬಂದು ಇನ್ನೊಂದು ಪೆಟ್ಟಿಗೆ ಇಟ್ಟಿದ್ನಲ್ಲ, ಲೈಟ್ ಉರೀತಿದೆಯಾ?"

"ಉರೀತಿದೆ. ಹಸಿರು."

"ಅದರಲ್ಲೂ ಅವೇ ಹೆಸರಿದೆ. ಅದರ ವಿಳಾಸ ಕ್ಲೌಡಿಗೆ ತಿಳಿಸೋದೊಂದು ಬಾಕಿ. ಭಾನುವಾರ ಮಾಡೋಣ ಅಂತಿದ್ದೆ, ಈಗ್ಲೇ ಮಾಡ್ತೀನಿ."

"ಹಂಗಾದ್ರೆ ಕೊಪ್ಪದ್ದನ್ನ ಅಳಿಸಿ ಹಾಕ್ತೀರಾ?"

"ಯಾಕೆ ಅಳಿಸ್ಬೇಕು? ಅದು ಮೊದಲಿನದು. ಅದರ ಜಾಗದಲ್ಲಿ ಅದು ಇರ್ತದೆ. ಇದು ಅದರ ಪಕ್ಕಕ್ಕೆ ಇನ್ನೊಂದು. ಅದಕ್ಕೆ ಓಗೊಡಕ್ಕೆ ಆಗದೆ ಇದ್ದಾಗ ಇದು ಓಗೊಡ್ತದೆ."

ಮೇದಿನಿ ಕೂದಲೆಳೆ ಹಿಡಿದುಕೊಂಡೇ ಇವಳ ಮುಖ ನೋಡಿದಳು.

ಶಾಲಿನಿ ಮೊದಲ ವಿಳಾಸದ ಕೆಳಗೆ ಎರಡನೆಯದನ್ನು ಬರೆದು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿ, ಒಪ್ಪಿಗೆ ಒತ್ತಿದಳು. ಇನ್ನು ಕಾಯುವುದೇ ಕೆಲಸ. ಫೋನಿನ ಆ ತುದಿಯಲ್ಲಿ ಮುದಿ ದನಿಯೊಂದು, "ಸಿಕ್ತೇನ ಮಾರಾಯ?" ಎನ್ನುತ್ತಿತ್ತು. "ತಡೀರಿ ಸುಬ್ಬಪ್ಪಣ್ಣ, ಅಕ್ಕ ಕೂತಿದ್ದಾರೆ, ಸಿಗ್ತದೆ" ಎಂದ ಇಸ್ರಾರ್. ಅಷ್ಟರಲ್ಲಿ ಶಾಲಿನಿ ಕಾವಲಿಯ ಮೇಲೆ ಒಂದು ದೋಸೆ ಹೊಯ್ದಳು, ತಿರುವಿ ಹಾಕಿದಳು, ತೆಗೆದು ಒಲೆ ಆರಿಸಿದಳು.

"ಈಗ ನೋಡು ಇಸ್ರಾರ್."

ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ, "ಬಂತು! ಗುರುತು ಹಿಡೀತು ಅಕ್ಕ! ಸ್ಕ್ಯಾನ್ ಕಾಣ್ತಾ ಇದೆ, ಕಾಪಿ ಮಾಡಿ ಕೊಡ್ತಾ ಇದೀನಿ."

ಲೈನಿನಲ್ಲೇ ಇದ್ದ ಮಂಜಯ್ಯ ಗಂಟಲು ಸರಿಮಾಡಿಕೊಂಡ. "ಹಂಗಾರೆ ಮೇಡಂ, ಇನ್ನು ಗುಡುಗಿದ್ರೆ ತೆಗೀಬೇಕೋ, ಬೇಡ್ವೋ?"

"ತೆಗೀರಿ ಮಂಜಯ್ಯ. ಅದೂ ಸುಟ್ಟು ಹೋಗಬಾರದಲ್ಲ. ತೆಗೆದ ಮೇಲೆ ನಂಗೊಂದು ಫೋನ್ ಮಾಡಿ, ಆಯ್ತಾ?"

ಫೋನ್ ಇಟ್ಟು, ಕೈ ತೊಳೆದು ಒರೆಸಿಕೊಂಡು, ಶಾಲಿನಿ ಮತ್ತೆ ಮಣೆಯ ಮೇಲೆ ಕೂತಳು. ಮೇದಿನಿ ಎಳೆಗಳನ್ನು ಸಿಕ್ಕಾಗದಂತೆ ಹಿಡಿದಿದ್ದಳು. ಒಂದರ ಮೇಲೊಂದು ಎಳೆ ಕೂರುತ್ತಾ ಜಡೆ ಕೆಳಗಿಳಿಯಿತು. ಸ್ಕೂಲ್ ವ್ಯಾನಿನ ಹಾರ್ನ್ ತಿರುವಿನಾಚೆಯಿಂದ ಕೇಳಿಸಿತು.

"ಎಂತದೋ ಕೇಳ್ಬೇಕು ಅಂದಿದ್ಯಲ್ಲ?"

ಹುಡುಗಿ ವೇಲು ಜಗ್ಗಲಿಲ್ಲ. ಗೋಡೆಯತ್ತ ಒಮ್ಮೆ ನೋಡಿ, ಪೂರ್ತಿ ಈ ಕಡೆ ತಿರುಗಿದಳು.

"ನಾನು ನಿಂಗೂ ಅಮ್ಮ ಅಂದ್ರೆ, ಆ ಅಮ್ಮಂಗೆ ಬೇಜಾರಾಗ್ತದಾ?"