ಸೋಮವಾರದ ಟ್ರಂಕ್ ಕಾಲ್

“ಹಲೋ, ಬಾಂಬೆ? ಹಡಗು ಇನ್ನೂ ಬಂದರು ಮುಟ್ಟಿಲ್ಲ. ಅದರಲ್ಲಿ ನನ್ನ ಗಂಡ ಓಬಳೇಶ ಇದ್ದಾರೆ. ದಯವಿಟ್ಟು ಹುಡುಕಿಸಿ.”

ನಾಗಲಿಂಗಮ್ಮ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕೊಟ್ಟೂರಿನ ಅಂಚೆ ಕಚೇರಿಯ ಬಾಗಿಲಲ್ಲಿ ಅತ್ತೆ ಹಂಪಮ್ಮ ನಿಂತಿದ್ದಳು. ಕಣ್ಣು ಫೋನಿನ ಮೇಲೆ. ಹಿಂದೆ, ಕಾಗದ ಕೇಳಲು ಬಂದವರ ನಡುವೆ, ಹಂಪಮ್ಮನ ನಾದಿನಿ ದ್ಯಾಮಕ್ಕ.

ಪೋಸ್ಟ್ ಮಾಸ್ಟರ್ ಪಾಲಾಕ್ಷಪ್ಪ ಗೋಡೆಯ ಕಡೆ ಮುಖ ಮಾಡಿ ಮುದ್ರೆ ಒತ್ತುತ್ತಿದ್ದರು. ನಾಗಲಿಂಗಮ್ಮನ ಹೆಬ್ಬೆರಳು ಫೋನಿನ ಕೊಕ್ಕೆಯನ್ನು ಅದುಮಿ ಹಿಡಿದು ಕರೆ ಕತ್ತರಿಸಿರುವುದು ಅವರಿಗೆ ಗೊತ್ತಿತ್ತು. ಆ ಕಡೆ ಯಾರೂ ಇರಲಿಲ್ಲ. ಆದರೂ ಆ ಸತ್ತ ಫೋನಿನೊಳಗೆ ಅವಳಿಗೆ ನೀರಿನ ಸದ್ದು ಕೇಳುತ್ತಿತ್ತು.

ಮೊದಲ ಸೋಮವಾರ ಆ ಕಡೆ ಹಡಗಿನ ಕಂಪನಿಯವರು ಇದ್ದರು. ಹಡಗು ಮುಳುಗಿದೆ, ಯಾರೂ ಉಳಿದಿಲ್ಲ ಎಂದಿದ್ದರು. ಹೊರಗೆ ಬಂದವಳ ಮುಖವನ್ನು ಹಂಪಮ್ಮ ಒಂದು ಗಳಿಗೆ ನೋಡಿದ್ದಳು. ಸೊಸೆ ಬಾಯಿ ತೆರೆಯುವ ಮುನ್ನವೇ ಕೇಳಿದ್ದಳು:

“ಇನ್ನೂ ಹುಡುಕಾಕತ್ತಾರಲ್ಲ?”

ನಾಗಲಿಂಗಮ್ಮ ಹೂಂ ಎಂದುಬಿಟ್ಟಿದ್ದಳು. ಇದ್ದವನು ಒಬ್ಬನೇ ಮಗ. ನಿಜ ಹೇಳಿದರೆ ಮುದುಕಿ ಉಳಿಯುವುದಿಲ್ಲ. ಅಂದಿನಿಂದ ಪ್ರತಿ ಸೋಮವಾರ ಅದೇ ಪ್ರಶ್ನೆ, ಅದೇ ಹೂಂ.

ಇಂದೂ ಅಷ್ಟೇ. ಅಂಚೆ ಕಚೇರಿಯ ಮೆಟ್ಟಿಲಿಳಿಯುವಾಗ ದ್ಯಾಮಕ್ಕ ಅಡ್ಡ ಬಂದಳು.

“ಮಳಿಗಾಲ ಮುಗೀತು, ಅತ್ತಿಗಿ. ನಿನ್ನ ಸೊಸಿ ಹಸಿರು ಬಳಿ ಹಾಕ್ಕೊಂಡು ಇನ್ನೆಷ್ಟು ದಿನ ಮೆರೀತಾಳ? ಒಡೆಯೋದು ಒಡೆದುಬಿಡ್ರಿ.”

“ಹಡಗಾ ಸಿಕ್ಕಿಲ್ಲ. ನನ್ನ ಮಗನ್ನ ನೀ ಯಾಕ ಮುಳುಗಸ್ತಿ?” ಎಂದಳು ಹಂಪಮ್ಮ.

ನಾಗಲಿಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮುದುಕಿಯ ನಂಬಿಕೆ ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತು.

ಹಿರಿಯರ ಅಮಾವಾಸ್ಯೆ ಬಂತು. ಸತ್ತವರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವ ದಿನ. ಹಂಪಮ್ಮ ಬೀದಿ ಬಾಗಿಲಿಗೆ ಅಗುಳಿ ಹಾಕಿದಳು. ಕಳಸದ ಮುಂದೆ ತೀರಿಹೋದ ಮಾವನ ಹೆಸರಿನ ಧೋತರವಿತ್ತು. ಹೋಳಿಗೆಯ ಎಡೆ ಇಡಲು ನಾಗಲಿಂಗಮ್ಮ ಬಗ್ಗಿದಳು. ಧೋತರದ ಕೆಳಗೆ ಮಡಿಚಿಟ್ಟ ಇನ್ನೊಂದು ಬಟ್ಟೆ ಕಂಡಿತು.

ಹೊಸ ಪ್ಯಾಂಟು.

ಆ ಮನೆಯಲ್ಲಿ ಪ್ಯಾಂಟು ತೊಟ್ಟವನು ಓಬಳೇಶ ಒಬ್ಬನೇ.

ಎಡೆ ಅವಳ ಕೈಯಲ್ಲೇ ನಿಂತಿತು. ಹಂಪಮ್ಮ ತಿರುಗಿ ನೋಡಲಿಲ್ಲ. ಊದಿನಕಡ್ಡಿ ಹಚ್ಚುತ್ತ ಹೇಳಿದಳು:

“ಸೋಮವಾರ ಫೋನ್ ಮಾಡುವಾಗ ಹೆಬ್ಬಟ್ಟು ಸೆರಗಿನಾಗ ಮುಚ್ಚಿಕ್ಯಾ, ಯವ್ವಾ. ದ್ಯಾಮಕ್ಕನ ಕಣ್ಣು ಭಾಳ ಚುರುಕು.”